ಲಗಾಮು ಸಡಿಲ ಬಿಟ್ಟ ಮೇಲೆ

ಪ್ರಶ್ನೆ: ಟೆಕ್ಸಾಸ್‌ನ ಕಟಿಂಗ್, ಅಂದರೆ ಕುದುರೆ ಮೇಲೆ ಕೂತು ಹಿಂಡಿನಿಂದ ಕರು ಬೇರ್ಪಡಿಸುವ ಸ್ಪರ್ಧೆಯ ವಿಡಿಯೊ ನೋಡಿದೆ. ಸವಾರ ಲಗಾಮು ಸಡಿಲ ಬಿಟ್ಟು ಕೂತಿರುತ್ತಾನೆ, ಹಿಂಡಿಗೆ ಮರಳಲು ಹೊರಟ ಕರುವನ್ನು ಕುದುರೆಯೇ ಅಡ್ಡಗಟ್ಟುತ್ತದೆ. ಇದು ಕಲಿಸಿದ್ದೋ, ರಕ್ತದಲ್ಲೇ ಬಂದದ್ದೋ?

ಉತ್ತರ: ರಕ್ತದಲ್ಲಿ ಬಂದದ್ದು. ಕಲಿಸುವವನ ಕೆಲಸ ಅದನ್ನು ಕೆಡಿಸದೆ ಬೆಳೆಸುವುದು. ವೆದರ್‌ಫೋರ್ಡ್ ಹತ್ತಿರದ ಒಂದು ರ‍್ಯಾಂಚಿನಲ್ಲಿ ನಾಲ್ಕು ವರ್ಷ ಪಶುವೈದ್ಯನಾಗಿದ್ದೆ. ಅಲ್ಲೊಂದು ಕೆಂಚು ಹೆಣ್ಣು ಕುದುರೆಮರಿ ಇನ್ನೂ ತಾಯಿಯ ಹಾಲು ಬಿಟ್ಟಿರಲಿಲ್ಲ. ಬೇಲಿಯಾಚೆ ಕರು ಎಡಕ್ಕೆ ಹೋದರೆ ಇದೂ ಎಡಕ್ಕೆ, ಕರು ನಿಂತರೆ ಇದೂ ತಲೆ ತಗ್ಗಿಸಿ ನಿಲ್ಲುತ್ತಿತ್ತು. ಯಾರೂ ಹೇಳಿಕೊಟ್ಟಿರಲಿಲ್ಲ. ದನದ ಚಲನೆ ಓದುವ ಈ ಹುಟ್ಟುಗುಣಕ್ಕೇ ಅಲ್ಲಿನವರು ‘ಕೌ’ ಇದೆ ಅನ್ನುವುದು.

ಎರಡನೇ ವರ್ಷ ಜೀನು ಬಿದ್ದ ಮೇಲೆ ಕಲಿಸುವುದು ಮೂರೇ: ನೇರ ನಿಲ್ಲು, ಹಿಂದೆ ಸರಿ, ಹಿಂಗಾಲಿನ ಮೇಲೆ ಭಾರ ಹಾಕಿ ತಿರುಗು. ಆ ಮರಿ ಸಿಕ್ಕಿದ್ದು ಅವಸರದ ತರಬೇತುದಾರನ ಕೈಗೆ. ಪ್ರತಿ ತಿರುವಿಗೂ ಅವನು ಲಗಾಮು ಎಳೆದ. ಮೂರು ತಿಂಗಳಿಗೆ ಅದು ಕರುವನ್ನು ನೋಡುವುದು ಬಿಟ್ಟು ಅವನ ಕೈಗಾಗಿ ಕಾಯತೊಡಗಿತು. ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ. ಸ್ಪರ್ಧೆಯಲ್ಲಿ ಸಿಗುವುದು ಎರಡೂವರೆ ನಿಮಿಷ. ಅಷ್ಟರಲ್ಲಿ ಸವಾರ ಕನಿಷ್ಠ ಎರಡು ಕರುಗಳನ್ನು ಹಿಂಡಿನಿಂದ ಬೇರ್ಪಡಿಸಬೇಕು. ಬೇರ್ಪಡಿಸಿದ ಮೇಲೆ ಕೈ ಕೆಳಗಿಳಿಯಬೇಕು. ಲಗಾಮಿನಿಂದ ದಾರಿ ತೋರಿಸಿದರೆ ಅಂಕ ಹೋಗುತ್ತದೆ, ಕರು ತಪ್ಪಿಸಿಕೊಂಡು ಹಿಂಡು ಸೇರಿದರೆ 5 ಅಂಕ ಕಡಿತ. ಕೈಗಾಗಿ ಕಾಯುವ ಕುದುರೆ ಅಲ್ಲಿ ಏನು ಮಾಡೀತು?

ಪ್ರಶ್ನೆ: ಚಾಂಪಿಯನ್ ಗಂಡಿಗೆ ಚಾಂಪಿಯನ್ ಹೆಣ್ಣು ಕೂಡಿಸಿದರೆ ಸಾಲದೇ?

ಉತ್ತರ: ಸಾಲದು. ತಾಯಿಯ ಕಡೆ ಹೆಚ್ಚು ನೋಡಿ ಎನ್ನುತ್ತೇನೆ. ಫೋರ್ಟ್ ವರ್ತ್‌ನ ಫ್ಯೂಚುರಿಟಿ ಮೂರು ವರ್ಷದ ಕುದುರೆಗಳ ದೊಡ್ಡ ಸ್ಪರ್ಧೆ. 1970ರಲ್ಲಿ ಅದನ್ನು ಗೆದ್ದ ಡಾಕ್ ಓಲೀನಾಗೆ ತಂದೆ ಡಾಕ್ ಬಾರ್, ತಾಯಿ ಪೋಕೋ ಲೀನಾ. ತಂದೆ ಹೆಸರು ಮಾಡಿದ್ದು ಮೈಕಟ್ಟಿನ ಪ್ರದರ್ಶನದಲ್ಲಿ, ಕರುಗಳ ಮುಂದಲ್ಲ. ಅಖಾಡದಲ್ಲಿ ಹೆಸರಾಗಿದ್ದವಳು ತಾಯಿ. ಡಾಕ್ ಓಲೀನಾನ ಮಗ ಸ್ಮಾರ್ಟ್ ಲಿಟಲ್ ಲೀನಾ 1982ರಲ್ಲಿ ಅದೇ ಫ್ಯೂಚುರಿಟಿ ಗೆದ್ದ.

ಆದರೆ ಪೋಕೋ ಲೀನಾಳ ತಂದೆ ಪೋಕೋ ಬ್ಯೂನೋನ ವಂಶದಲ್ಲಿ ಹರ್ಡಾ ಎಂಬ ಚರ್ಮರೋಗವೂ ಇಳಿದುಬಂದಿದೆ. ಚರ್ಮದ ಪದರಗಳು ಗಟ್ಟಿಯಾಗಿ ಅಂಟಿರುವುದಿಲ್ಲ. ಮರಿ ಚೆನ್ನಾಗಿಯೇ ಬೆಳೆಯುತ್ತದೆ; ಬಹಳ ಸಲ ರೋಗ ಗೊತ್ತಾಗುವುದು ಜೀನು ಹಾಕಿದಾಗ, ಬೆನ್ನ ಚರ್ಮ ಕಿತ್ತು ಬಂದಾಗ. ಮದ್ದಿಲ್ಲ. ಅಂಥ ಬೆನ್ನಿಗೆ ಪಟ್ಟಿ ಕಟ್ಟಿದ್ದೇನೆ, ಇನ್ನೊಮ್ಮೆ ಕಟ್ಟುವುದು ಬೇಡ. ತಂದೆ-ತಾಯಿ ಇಬ್ಬರೂ ವಾಹಕರಾದರೆ, ಅಂದರೆ ತಮಗೆ ರೋಗವಿಲ್ಲದೆ ಅದರ ವಂಶವಾಹಿ ಹೊತ್ತಿದ್ದರೆ, ಪ್ರತಿ ಮರಿಗೂ ನಾಲ್ಕರಲ್ಲೊಂದು ಪಾಲು ಅಪಾಯ. ಒಬ್ಬರೇ ಆದರೆ ಮರಿಗೆ ರೋಗ ಬರುವುದಿಲ್ಲ, ಅದೂ ವಾಹಕವಾಗಬಹುದು ಅಷ್ಟೇ. ಬಾಲದ ಕೂದಲನ್ನು ಬುಡಸಮೇತ ಕಿತ್ತು ಕಳಿಸಿದರೆ ವಂಶವಾಹಿ ಪರೀಕ್ಷೆ ಆಗುತ್ತದೆ. ಗೆಲುವಿನ ಪಟ್ಟಿಗಿಂತ ಮೊದಲು ಆ ವರದಿ ಕೇಳಿ.

ಪ್ರಶ್ನೆ: ಕರುವಿನ ಬದಲು ಹಗ್ಗದ ಮೇಲೆ ಓಡುವ ಯಂತ್ರದ ಬಾವುಟದಿಂದಲೇ ಕಲಿಸಬಹುದೇ?

ಉತ್ತರ: ನಿಲ್ಲುವುದು, ತಿರುಗುವುದು ತಿದ್ದಲು ಒಳ್ಳೆಯದು. ಆದರೆ ಕುದುರೆ ಕಲಿಯಬೇಕಾದದ್ದು ಕರುವಿನ ಕಿವಿ, ಕಣ್ಣು, ಭುಜದ ಚಲನೆಯನ್ನು ಓದುವುದು. ಅದಕ್ಕೆ ಜೀವಂತ ಕರುವೇ ಬೇಕು.