45ರ ವಯಸ್ಸಲ್ಲಿ ಮೊಡವೆ, ಜೊತೆಗೆ ಸುಕ್ಕು. ಎರಡಕ್ಕೂ ಒಂದೇ ಮದ್ದು ಇದೆಯಾ?

ಇದೆ ಅಕ್ಕಾ. ಮುಟ್ಟು ನಿಲ್ಲುವ ಹೊತ್ತಿಗೆ ಹಾರ್ಮೋನು ಏರುಪೇರಾಗಿ ಗದ್ದ, ದವಡೆ ಸುತ್ತ ಮೊಡವೆ ಏಳುವುದುಂಟು. ಚರ್ಮದ ಡಾಕ್ಟರನ್ನು ಕೇಳಿ ಅಡಾಪಲೀನ್ 0.1% ಜೆಲ್ ಶುರು ಮಾಡಿ, ಮೊಡವೆಗೂ ಸಣ್ಣ ಸುಕ್ಕಿಗೂ ಅದು ಕೆಲಸ ಮಾಡುತ್ತದೆ. ರಾತ್ರಿ ಮುಖ ತೊಳೆದು, ಚೆನ್ನಾಗಿ ಒಣಗಿದ ಮೇಲೆ, ಇಡೀ ಮುಖಕ್ಕೆ ಸೇರಿ ಒಂದು ಬಟಾಣಿ ಕಾಳಿನಷ್ಟು. ಮೊದಮೊದಲು ವಾರಕ್ಕೆ ಎರಡು ಮೂರು ಸಲ ಸಾಕು. ನಾನು ಬೇಗ ವಾಸಿಯಾಗಲಿ ಅಂತ ದಿನಾ ಹಚ್ಚಿದ್ದೆ, ಮೂಗಿನ ಪಕ್ಕ ಜೋಳದ ಹಿಟ್ಟು ಮೆತ್ತಿದ ಹಾಗೆ ಸಿಪ್ಪೆ ಎದ್ದು ಉರಿ. 12 ವಾರ ಕಾಯಲೇಬೇಕು. ನಮ್ಮ ವಿಜಯಪುರದ ಬಿಸಿಲಿಗೆ ಬೆಳಿಗ್ಗೆ ಎಸ್‌ಪಿಎಫ್ 30 ಸನ್‌ಸ್ಕ್ರೀನ್ ಇಲ್ಲದಿದ್ದರೆ ಇದೆಲ್ಲ ದಂಡ. ಬೆಳ್ಳಗಾಗಲು ಅಂತ ಸುಮ್ನೆ ಕೊಡುವ ಸ್ಟೆರಾಯ್ಡ್ ಟ್ಯೂಬ್ ಮಾತ್ರ ಮುಟ್ಟಬೇಡಿ, ಚರ್ಮ ತೆಳ್ಳಗಾಗಿ ಮೊಡವೆ ಇನ್ನೂ ಜಾಸ್ತಿಯಾಗುತ್ತದೆ.