ಒಂಬತ್ತನೇ ಗ್ರೇಡಿನ ಆ ಎರಡು ‘ಡಿ’ಗಳು

ನೀವು ಬರೆದದ್ದನ್ನು ಓದಿ ನನಗೆ ನಮ್ಮನೆಯೇ ನೆನಪಾಯಿತು. ಕ್ಯಾಲಿಫೋರ್ನಿಯಾಗೆ ಬಂದ ವರ್ಷವೇ ನಿಮ್ಮ ಮಗ ಒಂಬತ್ತನೇ ಗ್ರೇಡ್ ಸೇರಿದ. ಆಲ್ಜೀಬ್ರಾದಲ್ಲೊಂದು, ಇಂಗ್ಲಿಷಿನಲ್ಲೊಂದು ‘ಡಿ’ ಬಂತು, ಅಂದರೆ ಫೇಲಿಗೆ ಒಂದೇ ಮೆಟ್ಟಿಲು ಮೇಲೆ. ಈಗ ಹನ್ನೆರಡಕ್ಕೆ ಬಂದಿದ್ದಾನೆ, ಚೆನ್ನಾಗಿ ಓದುತ್ತಿದ್ದಾನೆ. ಕಾಲೇಜಿನ ಅರ್ಜಿಗೆ ತನ್ನ ಬಗ್ಗೆ ತಾನೇ ಬರೆಯುವ ಎಸ್ಸೇ, ಅಂದರೆ ಪರ್ಸನಲ್ ಸ್ಟೇಟ್‌ಮೆಂಟ್ ಬರೆಯುವಾಗ ಆ ಹಳೇ ‘ಡಿ’ಗಳನ್ನು ಮುಚ್ಚಿಡಬೇಕಾ, ಕ್ಷಮೆ ಕೇಳಬೇಕಾ ಎಂದು ಕೇಳಿದ್ದೀರಿ.

ಎರಡೂ ಬೇಡ.

ಮೊದಲು ಲೆಕ್ಕ ನೋಡೋಣ. ಬರ್ಕ್ಲಿ, ಡೇವಿಸ್, ಸ್ಯಾನ್ ಡಿಯಾಗೋ ಇವೆಲ್ಲ ಸೇರುವ ಯುಸಿಯವರು, ಅಂದರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದವರು, ಜಿಪಿಎ ಎನ್ನುವ ಸರಾಸರಿ ಅಂಕ ಹಾಕುವಾಗ ಹತ್ತು ಮತ್ತು ಹನ್ನೊಂದನೇ ಗ್ರೇಡಿನ ಅಂಕಗಳನ್ನಷ್ಟೇ ಹಿಡಿಯುತ್ತಾರೆ. ಒಂಬತ್ತನೆಯದು ಕಣ್ಣಿಗೆ ಬೀಳುತ್ತದೆ, ಲೆಕ್ಕಕ್ಕೆ ಬರುವುದಿಲ್ಲ. ಆದರೆ ಕಡ್ಡಾಯ ಕೋರ್ಸುಗಳಲ್ಲಿ ‘ಸಿ’ ಆದರೂ ಇರಲೇಬೇಕು. ಮುಂದಿನ ಹಂತದ ಆಲ್ಜೀಬ್ರಾ ಎರಡರಲ್ಲಿ ‘ಸಿ’ ಅಥವಾ ಅದಕ್ಕಿಂತ ಜಾಸ್ತಿ ಬಂದಿದ್ದರೆ ಆಲ್ಜೀಬ್ರಾ ಒಂದರ ‘ಡಿ’ ತೀರಿದಂತೆ. ಇಂಗ್ಲಿಷನ್ನು ಸಮ್ಮರ್ ಸ್ಕೂಲಿನಲ್ಲಿ ಮತ್ತೆ ಮಾಡಿದ್ದಾನಾ ಎಂದು ಶಾಲೆಯ ಕೌನ್ಸೆಲರ್ ಹತ್ತಿರ ಇವತ್ತೇ ಕೇಳಿ. ಎಸ್ಸೇಗಿಂತ ಇದು ತುರ್ತು.

ಯುಸಿಗೆ ಅಂಕಗಳನ್ನು ಹುಡುಗನೇ ತುಂಬುತ್ತಾನೆ. ಹಾಗಂತ ಕೈಚಳಕ ಬೇಡ. ಸೀಟು ಸಿಕ್ಕ ಮೇಲೆ ಶಾಲೆಯ ಅಂಕಪಟ್ಟಿ, ಅಂದರೆ ಟ್ರಾನ್ಸ್‌ಕ್ರಿಪ್ಟ್ ಕೇಳುತ್ತಾರೆ, ತಾಳೆಯಾಗದಿದ್ದರೆ ಸೀಟು ಹೋಗುತ್ತದೆ.

ಇನ್ನು ಬರೆಯುವ ವಿಷಯ. ಹಲವು ಕಾಲೇಜುಗಳಿಗೆ ಒಂದೇ ಅರ್ಜಿ ಹಾಕುವ ಕಾಮನ್ ಆ್ಯಪ್ ಎಸ್ಸೇ 650 ಪದಕ್ಕೆ ಮುಗಿಯಬೇಕು. ಅದರಲ್ಲಿ ಮುನ್ನೂರು ಪದ ‘ಡಿ’ ಯಾಕೆ ಬಂತು ಎನ್ನುವುದಕ್ಕೇ ಹೋದರೆ ಹುಡುಗ ಎಲ್ಲಿ ಕಾಣುತ್ತಾನೆ? ಕಷ್ಟದ ಪರಿಸ್ಥಿತಿ ಹೇಳಿಕೊಳ್ಳಲು ಅದೇ ಅರ್ಜಿಯಲ್ಲಿ ಬೇರೆ ಜಾಗವಿದೆ. ದೇಶ ಬದಲಾಯಿತು, ಪಾಠದ ರೀತಿ ಬದಲಾಯಿತು, ಇಂಥ ತಿಂಗಳಿಂದ ಸುಧಾರಿಸಿತು. ನಾಲ್ಕು ಸಾಲು ಸಾಕು, ಗೋಳು ಬೇಡ. ಯುಸಿಯಲ್ಲಿ ಎಂಟು ಪ್ರಶ್ನೆಗಳಲ್ಲಿ ನಾಲ್ಕನ್ನು ಆರಿಸಿ, ಒಂದೊಂದಕ್ಕೂ 350 ಪದದೊಳಗೆ ಬರೆಯಬೇಕು. ಐದನೇ ಪ್ರಶ್ನೆ ನಿಮ್ಮ ಮಗನಿಗೇ ಇಟ್ಟಂತಿದೆ: ಎದುರಿಸಿದ ದೊಡ್ಡ ಸವಾಲು ಯಾವುದು, ಏನು ಮಾಡಿದೆ, ಓದಿನ ಮೇಲೆ ಅದರ ಪರಿಣಾಮವೇನು?

ನನ್ನ ತಪ್ಪು ಹೇಳಿಬಿಡುತ್ತೇನೆ. ನನ್ನ ಮಗಳಿಗೂ ಬಂದ ವರ್ಷ ಇಂಗ್ಲಿಷಿನಲ್ಲಿ ‘ಡಿ’. ಅವಳ ಎಸ್ಸೇಯನ್ನು ಎರಡು ರಾತ್ರಿ ಕೂತು ನಾನೇ ಬರೆದೆ. ಛಲ, ಪರಿಶ್ರಮ, ತಂದೆತಾಯಿಯ ತ್ಯಾಗ, ಎಲ್ಲ ಇತ್ತು. ಕೌನ್ಸೆಲರ್ ಓದಿ, ‘ನಿಮ್ಮಪ್ಪನಿಗೆ ಎಷ್ಟು ವಯಸ್ಸು?’ ಎಂದು ಅವಳನ್ನು ಕೇಳಿದರಂತೆ.

ಆಮೇಲೆ ಅವಳೇ ಬರೆದಳು. ‘ವಿ’ಗೂ ‘ಡಬ್ಲ್ಯೂ’ಗೂ ತನ್ನ ಬಾಯಲ್ಲಿ ವ್ಯತ್ಯಾಸವೇ ಇಲ್ಲವೆಂದು ಕ್ಲಾಸಿನಲ್ಲಿ ನಕ್ಕಿದ್ದರಂತೆ. ಅಂದಿನಿಂದ ಕೈ ಎತ್ತುವುದನ್ನೇ ಬಿಟ್ಟಿದ್ದಳು. ಅಲ್ಲಿ ಕ್ಲಾಸಿನಲ್ಲಿ ಮಾತಾಡುವುದಕ್ಕೂ ಅಂಕ. ಹೇಳಲು ಹೆದರುತ್ತಿದ್ದ ಪದಗಳನ್ನೆಲ್ಲ ಒಂದು ಪುಟ್ಟ ಪುಸ್ತಕದಲ್ಲಿ ಬರೆದಿಟ್ಟು, ಬಾತ್‌ರೂಮಿನ ಕನ್ನಡಿ ಮುಂದೆ ಅಭ್ಯಾಸ ಮಾಡುತ್ತಿದ್ದಳು. ಮುಂದಿನ ವರ್ಷ ಹೊಸದಾಗಿ ಬಂದ ಹುಡುಗಿಯೊಬ್ಬಳಿಗೆ ಅದೇ ಪುಸ್ತಕ ಕೊಟ್ಟಳಂತೆ. ಒಂದೇ ಮನೆಯಲ್ಲಿದ್ದು ನನಗೆ ಇದ್ಯಾವುದೂ ಗೊತ್ತಿರಲಿಲ್ಲ ನೋಡಿ. ಆ ‘ಡಿ’ ಎಸ್ಸೇಯಲ್ಲಿ ಒಂದೇ ಸಾಲಿನಲ್ಲಿ ಬಂದು ಹೋಗಿತ್ತು.

ನಿಮ್ಮ ಮಗನ ಹತ್ತಿರವೂ ಅಂಥದ್ದೇನೋ ಇರುತ್ತದೆ. ‘ಆ ವರ್ಷ ಮಧ್ಯಾಹ್ನ ಯಾರ ಜೊತೆ ಊಟ ಮಾಡ್ತಿದ್ದೆ?’ ಎಂದು ಕೇಳಿ, ಸುಮ್ನೆ ಕೂತು ಕೇಳಿಸಿಕೊಳ್ಳಿ. ಬರೆಯುವುದು ಮಾತ್ರ ಅವನೇ. ಬೇಕಿದ್ದರೆ ನೀವು ಸ್ಪೆಲ್ಲಿಂಗ್ ನೋಡಿ. ನಾನು ಅದಕ್ಕೂ ಬೈಸಿಕೊಂಡೆ.