ಕಿವಿ ಕೇಳದ ಹುಡುಗಿಯನ್ನು ಸ್ಕೋರ್ ಬರೆಯೋಕೆ ಕೂರಿಸಬೇಡಿ

ನಿಮ್ಮ ಪ್ರಶ್ನೆ ನಾನೇ ಬರೆದ ಹಾಗಿದೆ. ಪಿಟಿ ಮೇಷ್ಟ್ರಾಗೋಕೆ ಓದೋ ಬಿ.ಪಿ.ಎಡ್‌ನ ಕೊನೇ ವರ್ಷ, ಟೀಚಿಂಗ್ ಪ್ರಾಕ್ಟೀಸ್ ಶಾಲೆಯಲ್ಲಿ ಕಿವಿ ಕೇಳದ ಹುಡುಗಿ. ಸ್ಪೆಷಲ್ ಟ್ರೇನಿಂಗ್ ಇಲ್ಲದೆ ಆಡಿಸೋದಾ, ಸ್ಕೋರ್ ಬರೆಯೋಕೆ ಕೂರಿಸೋದು ಸೇಫಾ?

ನಾನು ಕೂರಿಸಿದ್ದೆ. ಎಂಟನೇ ಕ್ಲಾಸು, ಖೋ ಖೋ, ಅದೂ ಹೊರಗಿನ ಪರೀಕ್ಷಕರು, ಅಂದರೆ ಎಕ್ಸ್‌ಟರ್ನಲ್, ಮಾರ್ಕ್ಸ್ ಹಾಕೋಕೆ ಬಂದಿದ್ದ ಫೈನಲ್ ಲೆಸನ್. "ಖೋ" ಅಂತ ಕೂಗಿದ್ದು ಕೇಳಿಸದಿದ್ದರೆ ಏಳೋದು ಹೇಗೆ ಅಂತ ನನ್ನ ಲೆಕ್ಕ. ಹೊಂಗೆ ಮರದ ಕೆಳಗೆ ನೋಟ್‌ಬುಕ್ ಕೊಟ್ಟು ಕೂರಿಸಿದೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಇವತ್ತಿಗೂ ನನಗೆ ಉರಿಯೋದು ಇಲ್ಲೇ. ಖೋ ಖೋದಲ್ಲಿ ಸಾಲಾಗಿ ಕೂತ ಎಂಟು ಜನರಲ್ಲಿ ಒಬ್ಬರು ಈ ಕಡೆ, ಪಕ್ಕದವರು ಆ ಕಡೆ ಮುಖ ಮಾಡಿರುತ್ತಾರೆ. ಅಟ್ಟಿಸಿಕೊಂಡು ಬಂದವರು ಹಿಂದಿನಿಂದ ಬೆನ್ನು ಮುಟ್ಟಿಯೇ ಖೋ ಕೊಡಬೇಕು. ಮುಟ್ಟಲೇಬೇಕು! ಆ ನಿಯಮವನ್ನು ಲೆಸನ್ ಪ್ಲಾನ್‌ನಲ್ಲಿ ನನ್ನ ಕೈಯಾರೆ ಬರೆದಿದ್ದೆ, ಆದರೂ ಹೊಳೆಯಲಿಲ್ಲ. ಅವಳಿಗೆ ಬೇಕಾದ ಸೂಚನೆ ಆಟದೊಳಗೇ ಇತ್ತು. ತೊಂದರೆ ಇದ್ದದ್ದು ನನ್ನ ವಿಷಲ್‌ನದು, ಫೌಲ್ ಆದಾಗ ಜೊತೆಗೊಂದು ಕೆಂಪು ಬಟ್ಟೆ ಎತ್ತಿದ್ದರೆ ಸಾಕಾಗುತ್ತಿತ್ತು. ಪಕ್ಕದ ಹುಡುಗಿ "ಸಾರ್, ಇವಳು ದಿನಾ ನಮ್ಮ ಜೊತೆ ಆಡ್ತಾಳೆ" ಅಂದಳು ಕೂಡ. ಎಕ್ಸ್‌ಟರ್ನಲ್ ಮುಂದೆ ಗಲಾಟೆ ಬೇಡ ಅಂತ ಸುಮ್ಮನಿರಿಸಿದೆ. ಮಾರ್ಕ್ಸ್ ಹೋಯಿತು, ಹೋಗಲಿ ಬಿಡಿ. ಆಮೇಲೆ ಆ ಹುಡುಗಿ ಪಿಟಿ ಪೀರಿಯಡ್‌ಗೆ ತಾನಾಗಿಯೇ ನೋಟ್‌ಬುಕ್ ಹಿಡಿದು ಬಂದು ಮರದ ಕೆಳಗೆ ಕೂರೋಕೆ ಶುರು ಮಾಡಿದಳು.

ಹಾಗಾಗಿ "ಸೇಫಾ" ಅನ್ನೋ ಪ್ರಶ್ನೆಯೇ ನನಗೆ ಒಪ್ಪಿಗೆ ಇಲ್ಲ. ಯಾರಿಗೆ ಸೇಫು? ನಮಗೆ, ಅಲ್ವಾ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಶಾಲೆಗಳಿಗೆ ಹೇಳೋದು ಪಾಠದ ಹಾಗೆ ಆಟದಲ್ಲೂ ಸಮಾನ ಅವಕಾಶ ಕೊಡಿ ಅಂತ. ಕೂರಿಸೋದು ಅದರಲ್ಲಿ ಎಲ್ಲಿ ಬರುತ್ತದೆ?

ಸರ್ಟಿಫಿಕೇಟ್ ಕೋರ್ಸ್ ಹುಡುಕುತ್ತಿದ್ದೀರಿ ಅಂತಾನೂ ಬರೆದಿದ್ದೀರಿ. ಆಮೇಲೆ ಮಾಡಿ. ನಮ್ಮ ಕಾಲೇಜಲ್ಲಿ ಕಣ್ಣು ಕಾಣದವರ ಕಷ್ಟ ತಿಳಿಯಲಿ ಅಂತ ಕಣ್ಣಿಗೆ ಬಟ್ಟೆ ಕಟ್ಟಿ ಗ್ರೌಂಡ್ ಸುತ್ತಿಸಿದರು, ಬಿದ್ದೆವು, ನಕ್ಕೆವು, ಅಯ್ಯೋ ಪಾಪ ಅಂದೆವು, ಮುಗೀತು. ಅದರ ಬದಲು ಒಂದು ದಿನ ಅಂಧರ ಶಾಲೆಗೆ ಕರೆದುಕೊಂಡು ಹೋಗಿದ್ದರೆ, ಒಳಗೆ ಗುಂಡು ತುಂಬಿದ ಸದ್ದು ಮಾಡೋ ಬಾಲನ್ನು ಅಂಡರ್‌ಆರ್ಮ್ ಹಾಕಿ ಆ ಮಕ್ಕಳು ಹೇಗೆ ಕ್ರಿಕೆಟ್ ಆಡುತ್ತಾರೆ ಅಂತ ನೋಡಬಹುದಿತ್ತು. ನಿಮ್ಮ ಕಾಲೇಜು ಕರೆದುಕೊಂಡು ಹೋಗದಿದ್ದರೆ ನೀವೇ ಹೋಗಿ.

ಓದಲೇಬೇಕಾದ ವಿಷಯಗಳೂ ಇವೆ, ಇಲ್ಲ ಅನ್ನಲ್ಲ. ಡೌನ್ ಸಿಂಡ್ರೋಮ್ ಇರೋ ಕೆಲವು ಮಕ್ಕಳಿಗೆ ಕತ್ತಿನ ಮೇಲ್ಭಾಗದ ಕೀಲು ಸಡಿಲ ಇರುತ್ತದೆ, ಡಾಕ್ಟರನ್ನು ಕೇಳದೆ ಅವರಿಂದ ಫಾರ್ವರ್ಡ್ ರೋಲ್ ಮಾಡಿಸಬಾರದು. ಇಂಥದ್ದನ್ನು ಅಂದಾಜಿನಲ್ಲಿ ಮಾಡೋಕಾಗಲ್ಲ.

ನಿಮ್ಮ ಹುಡುಗಿಯ ವಿಷಯಕ್ಕೆ ಬಂದರೆ, ಮೊದಲು ಅವಳನ್ನೇ ಕೇಳಿ, ಜೊತೆಗಾತಿಯರನ್ನೂ ಕೇಳಿ. ಅವರ ಕೈಸನ್ನೆ ನಿಮಗಿಂತ ಚೆನ್ನಾಗಿರುತ್ತದೆ. ಬೆನ್ನು ತಿರುಗಿಸಿಕೊಂಡು ಸಾವಧಾನ್, ವಿಶ್ರಾಮ್ ಅನ್ನಬೇಡಿ. ಬಿಸಿಲು ನಿಮ್ಮ ಮುಖಕ್ಕೆ ಬೀಳೋ ಹಾಗೆ ನಿಲ್ಲಿ, ನಿಮ್ಮ ಕಣ್ಣು ಚುಚ್ಚಿದರೂ ಪರವಾಗಿಲ್ಲ, ಅವಳಿಗೆ ತುಟಿ ಕಾಣುತ್ತದೆ. ಕಾಕ್ಲಿಯರ್ ಇಂಪ್ಲಾಂಟ್ (ಆಪರೇಷನ್ ಮಾಡಿ ಒಳಗೆ ಕೂರಿಸೋ ಕೇಳಿಸುವ ಸಾಧನ) ಇದ್ದರೆ ತಲೆಗೆ ಪೆಟ್ಟು ಬೀಳೋ ಆಟಗಳ ಬಗ್ಗೆ ಮನೆಯವರ ಹತ್ತಿರ ಮೊದಲೇ ಮಾತಾಡಿ. ಬರೀ ಹಿಯರಿಂಗ್ ಏಡ್ ಆದರೆ ಬೆವರಿಗೆ ಹಾಳಾಗಬಹುದು, ತೆಗೆದಿಡೋಕೆ ಒಂದು ಮುಚ್ಚಳದ ಡಬ್ಬಿ ಇಟ್ಟುಕೊಂಡಿರಿ.